ಮೆಂಬರ್ ಅಂಜನಮ್ಮ ಮತ್ತು ತುರ್ತು ಸುಂಕ

ದೊಡ್ಡಬಳ್ಳಾಪುರದಿಂದ ದೇವನಹಳ್ಳಿ ಕಡೆಗೆ ಹೋಗುವ ದಾರಿಯಲ್ಲಿ ಕನ್ನಸಂದ್ರ ಅಂತ ಒಂದು ಸಣ್ಣ ಪಟ್ಟಣ. ಅಲ್ಲಿನ ನೇಕಾರರ ಬೀದಿಯಲ್ಲಿ ಅಂಜನಮ್ಮನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಎಲ್ಲರಿಗೂ ಅವಳು ಮೆಂಬರಮ್ಮ. ತಮಾಷೆಗೆ ಶುರುವಾದ ಹೆಸರು, ಅವಳ ಮೆಂಬರ್‌ಗಿರಿ ಹೋಗಿ ಎಷ್ಟೋ ವರ್ಷವಾದ ಮೇಲೂ ಬೀದಿಯವರ ಬಾಯಿಂದ ಹೋಗಲಿಲ್ಲ.

ಅವಳು ಪುರಸಭೆಗೆ ಹೋದದ್ದು ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ. ಹೆಂಗಸರಿಗೆ ಅಂತ ಒಂದು ಜಾಗ ತುಂಬಿಸಬೇಕಿತ್ತು. ಪುರಸಭೆಯ ಅಧ್ಯಕ್ಷ ಹನುಮಂತರಾಯಪ್ಪ, ಅಕ್ಕಿ ಗಿರಣಿ ಯಜಮಾನ, ಒಂದು ಬೆಳಿಗ್ಗೆ ತಾನೇ ಮನೆ ಬಾಗಿಲಿಗೆ ಬಂದ. ಅಂಜನಮ್ಮನ ಗಂಡ ಪಾಪಯ್ಯ ಮಗ್ಗ ನಿಲ್ಲಿಸಿ, ಕಾಲು ಇಳಿಬಿಟ್ಟು ಕೂರುವ ಅದರ ಗುಂಡಿಯಿಂದ ಎದ್ದು ಬಂದು ಕೈಮುಗಿದ.

"ಪಾಪಯ್ಯ, ಈ ಸಲ ನಿನ್ನ ಹೆಂಡ್ತೀನ ನಿಲ್ಲಿಸ್ತೀನಿ."

"ಅವಳಿಗೇನು ಗೊತ್ತಾಗುತ್ತೆ ಸ್ವಾಮಿ?"

"ಗೊತ್ತಾಗಲ್ಲ ಅಂತಾನೇ ಕಣಯ್ಯ."

ಇಬ್ಬರೂ ನಕ್ಕರು. ಒಳಗೆ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತಾ ಕೂತಿದ್ದ ಅಂಜನಮ್ಮನ ಕಿವಿಗೂ ಆ ಮಾತು ಬಿತ್ತು. ಅವಳಿಗೆ ಬೇಜಾರೇನೂ ಆಗಲಿಲ್ಲ. ಓದು ಬರಹ ಅಷ್ಟಿಷ್ಟು ಬರುತ್ತಿತ್ತು, ಸಭೆ ಗಿಭೆ ಅಂದರೆ ಏನೂ ಗೊತ್ತಿರಲಿಲ್ಲ. ಹನುಮಂತರಾಯಪ್ಪ ಅಂದರೆ ಅವಳಿಗೆ ಗೌರವವೂ ಇತ್ತು. ಬೀದಿಗೆ ನಲ್ಲಿ ಹಾಕಿಸಿದವನು ಅವನೇ. ಅವಳ ಅತ್ತೆ ಸತ್ತಾಗ ಹಳ್ಳಿಗಳಿಂದ ನೆಂಟರನ್ನು ಕರೆತರೋಕೆ ಗಿರಣಿ ಲಾರಿ ಕಳಿಸಿ, ಒಂದು ಕಾಸು ಕೇಳಿರಲಿಲ್ಲ.

ಸಭೆಯಲ್ಲಿ ಅವಳದು ಬಾಗಿಲ ಪಕ್ಕದ ಕುರ್ಚಿ. ಹನುಮಂತರಾಯಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರೆ ಕೈ ಎತ್ತಬೇಕು ಅಂತ ಅರ್ಥ. ಅದನ್ನು ಯಾರೂ ಹೇಳಿಕೊಟ್ಟದ್ದಲ್ಲ, ನಾಲ್ಕು ಸಭೆ ಕೂತರೆ ಯಾರಿಗಾದರೂ ತಿಳಿಯುವಂಥದ್ದು. ಕೈ ಎತ್ತುತ್ತಿದ್ದಳು, ಟೀ ಕುಡಿಯುತ್ತಿದ್ದಳು, ಮನೆಗೆ ಬಂದು ಮತ್ತೆ ರಾಟೆ ಮುಂದೆ ಕೂರುತ್ತಿದ್ದಳು.

ಎಪ್ಪತ್ತರ ಮಳೆಗಾಲದ ಕೊನೆಯಲ್ಲಿ ಊರ ಕೆರೆಯ ಏರಿ ಒಡೆಯಿತು. ಕೆಳಗೇರಿಯ ಮಣ್ಣಿನ ಮನೆಗಳು ನೀರಲ್ಲಿ ಕರಗಿ ಹೋದವು. ಮುದುಕ ಮುದುಕಿ ಇಬ್ಬರು ಮಲಗಿದ್ದಲ್ಲೇ ಕೊಚ್ಚಿಕೊಂಡು ಹೋದರು. ಹನುಮಂತರಾಯಪ್ಪ ಪಂಚೆ ಎತ್ತಿ ಕಟ್ಟಿ ಸೊಂಟದವರೆಗಿನ ನೀರಿನಲ್ಲಿ ನಿಂತು ಮರಳಿನ ಮೂಟೆ ಹೊರಿಸಿದ. ಗಿರಣಿಯಲ್ಲೇ ಗಂಜಿ ಕಾಯಿಸಿ ಕೊಟ್ಟ. ಆ ದಿನಗಳಲ್ಲಿ ಅವನು ಏನು ಕೇಳಿದ್ದರೂ ಊರು ಕೊಡುತ್ತಿತ್ತು. ಅವನು ಕೇಳಿದ್ದೂ ಆಗಲೇ.

ಏರಿ ಕಟ್ಟೋಕೆ ದುಡ್ಡು ಬೇಕು, ಸರ್ಕಾರದ್ದು ಬರೋದರೊಳಗೆ ಇನ್ನೊಂದು ಮಳೆ ಬರುತ್ತೆ ಅಂತ ಸಭೆಯಲ್ಲಿ ಹೇಳಿದ. "ಊರಿಗೆ ತುರ್ತು ಬಂದಾಗ ಸಭೆ ಕರೆದು, ಕೋರಂ ನೋಡ್ಕೊಂಡು ಕೂರೋಕಾಗಲ್ಲ. ಅಂಥಾ ಹೊತ್ತಲ್ಲಿ ಊರೊಳಗೆ ಬರೋ ಸರಕಿನ ಮೇಲೆ ಸುಂಕ ಏರಿಸೋ ಅಧಿಕಾರ ಅಧ್ಯಕ್ಷರಿಗೇ ಇರ್ಲಿ." ಅದಕ್ಕಾಗಿ ಪುರಸಭೆಯ ಉಪನಿಯಮಕ್ಕೆ ಒಂದು ತಿದ್ದುಪಡಿ. ಚೀಫ್ ಆಫೀಸರು ಅದನ್ನು ಇಂಗ್ಲಿಷಿನಲ್ಲಿ ಗಡಗಡ ಓದಿದ. ಕನ್ನಡಕ ಮೇಜಿನ ಮೇಲೆ ಬಂತು. ಎಲ್ಲರ ಕೈಯೂ ಮೇಲೆ ಹೋಯಿತು, ಅಂಜನಮ್ಮನದೂ.

ಹೊಸ ಸುಂಕ ಬಿದ್ದದ್ದು ನೂಲಿನ ಮೇಲೆ. ದಿನಾ ಊರೊಳಗೆ ಬರುತ್ತಿದ್ದ ಸರಕು ಅದೇ. ಬೆಂಗಳೂರಿನ ಚಿಕ್ಕಪೇಟೆಯಿಂದ ಬಸ್ಸಿನ ಟಾಪಿನ ಮೇಲೆ ಬರುತ್ತಿದ್ದ ನೂಲಿನ ಗಂಟುಗಳನ್ನು ಊರ ಬಾಯಲ್ಲಿದ್ದ ಸುಂಕದ ಗೇಟಿನಲ್ಲಿ ಇಳಿಸಿ, ತೂಗಿ, ಚೀಟಿ ಹರಿದು ಕೊಡುತ್ತಿದ್ದರು. ನೇಕಾರರು ಗೊಣಗಲಿಲ್ಲ. ಏರಿ ಆಗೋವರೆಗೆ ತಾನೆ ಅಂದುಕೊಂಡರು.

ಮುಂದಿನ ಬೇಸಿಗೆಗೆ ಏರಿ ಎದ್ದು ನಿಂತಿತು. ಕಲ್ಲು ಕಟ್ಟಡದ ಗಟ್ಟಿ ಏರಿ, ಅದರಲ್ಲಿ ಮೋಸವಿರಲಿಲ್ಲ. ಸುಂಕ ಮಾತ್ರ ಇಳಿಯಲಿಲ್ಲ. ಚರಂಡಿಗೆ ತುರ್ತು ಬಂತು. ಆಮೇಲೆ ಪುರಸಭೆಯ ಹೊಸ ಕಟ್ಟಡಕ್ಕೆ ತುರ್ತು ಬಂತು. ಪ್ರತಿ ಸಲವೂ ಬೋರ್ಡಿಗೆ ಒಂದು ಹಾಳೆ ಅಂಟಿಸುವರು, ಕೆಳಗೆ ಅಧ್ಯಕ್ಷರ ಸಹಿ ಒಂದೇ. ನೂಲಿಗೆ ಸುಂಕ ಬಿತ್ತು ಅಂತ ದೊಡ್ಡಬಳ್ಳಾಪುರದ ಸಾಹುಕಾರರು ಸೀರೆಗೆ ಹೆಚ್ಚು ಕೊಡುತ್ತಾರೆಯೇ? ಬಿದ್ದ ಭಾರವೆಲ್ಲ ನೇಯುವವನ ಕೂಲಿಯ ಮೇಲೆ. ಬೀದಿಯಲ್ಲಿ ಒಂದೊಂದೇ ಮಗ್ಗ ಸದ್ದು ನಿಲ್ಲಿಸಿತು. ಕೆಲವರು ಮಗ್ಗ ಬಿಚ್ಚಿಕೊಂಡು ಸುಂಕದ ಕಾಟ ಇಲ್ಲದ ಊರಿಗೆ ಹೋದರು.

ಪಾಪಯ್ಯನ ಮನೆಯಲ್ಲಿ ಅವನ ತಂಗಿ ಲಕ್ಕಮ್ಮನೂ ಇದ್ದಳು. ಗಂಡ ಸತ್ತು ಅಣ್ಣನ ಮನೆ ಸೇರಿದವಳು, ಮಾತು ಕಡಿಮೆ, ಕೆಲಸ ಜಾಸ್ತಿ. ಗೇಟಿನಲ್ಲಿ ಹೆಂಗಸರನ್ನು ಮುಟ್ಟಿ ನೋಡಲ್ಲ ಅಂತ ಯಾರೋ ಪಾಪಯ್ಯನ ಕಿವಿಗೆ ಹಾಕಿದರು. ಅವನು ಹೆಂಡತಿಗೆ ಹೇಳದೆ ತಂಗಿಯನ್ನು ಬೆಂಗಳೂರಿಗೆ ಕಳಿಸಿದ. ಲಕ್ಕಮ್ಮ ನೂಲಿನ ಲಡಿಗಳನ್ನು ಸೊಂಟಕ್ಕೆ ಸುತ್ತಿಕೊಂಡು ಮೇಲೆ ಸೀರೆ ಉಟ್ಟು ಬಂದಳು. ಎರಡು ಸಲ ಆಯಿತು. ಮೂರನೇ ಸಲ ಸಂತೆಯ ದಿನ. ಗೇಟಿನ ಗುಮಾಸ್ತ ಆಂಜಿನಪ್ಪ ಅವಳನ್ನು ಬಸ್ಸಿನಿಂದ ಇಳಿಸಿದ.

"ಏನಮ್ಮಾ, ಹೋಗುವಾಗ ಸಣ್ಣಗಿದ್ದೆ" ಅಂದ. ಸುತ್ತ ಇದ್ದವರು ನಕ್ಕರು. ಅವನು ಸೆರಗು ಹಿಡಿದು ಎಳೆದ. ಕೆಂಪು ನೂಲು ಸುರುಳಿ ಬಿಚ್ಚಿಕೊಂಡು ನೆಲಕ್ಕೆ ಬಿತ್ತು. ಬಸ್ಸು ಪೂರ್ತಿ ಕಿಟಕಿಗೆ ಬಂದು ನೋಡಿತು. ನೂಲು ಜಪ್ತಿ ಮಾಡಿ, ಚೀಫ್ ಆಫೀಸರು ಬರೋವರೆಗೆ ಅಂತ ಅವಳನ್ನು ಗೇಟಿನ ಕಟ್ಟೆಯ ಮೇಲೆ ಕೂರಿಸಿದರು. ಚೀಫ್ ಆಫೀಸರು ಬರಲಿಲ್ಲ. ಸಂತೆಗೆ ಬಂದವರೆಲ್ಲ ಅವಳ ಮುಂದೆಯೇ ಹಾದುಹೋದರು.

ಹೊತ್ತು ಇಳಿದ ಮೇಲೆ ಲಕ್ಕಮ್ಮ ಮನೆಗೆ ಬಂದಳು. ಕೈಕಾಲು ತೊಳೆದು ಒಲೆ ಹಚ್ಚಿದಳು.

"ನೂಲೆಲ್ಲಿ?" ಅಂತ ಕೇಳಿದ ಪಾಪಯ್ಯ.

"ಗೇಟಲ್ಲಿ."

ಅಷ್ಟೇ. ಏನಾಯಿತು ಅಂತ ಅಂಜನಮ್ಮನಿಗೆ ತಿಳಿದದ್ದು ಪಕ್ಕದ ಮನೆಯವರಿಂದ. ತಿಳಿದ ಮೇಲೆ ಗಂಡನ ಮುಖ ನೋಡಿದಳು. ಅವನು ಮಗ್ಗದ ಹತ್ತಿರ ಹೋಗಿ, ಹರಿಯದ ಎಳೆಯನ್ನೇ ಕಟ್ಟುವವನ ಹಾಗೆ ಬಗ್ಗಿ ಕೂತ.

ಮಾರನೇ ಬೆಳಿಗ್ಗೆ ಅವಳು ಗಿರಣಿಗೆ ಹೋದಳು. ಹನುಮಂತರಾಯಪ್ಪ ಬೆಂಚು ತೋರಿಸಿ, ಕಾಫಿ ತರಿಸಿದ.

"ಆಂಜಿನಪ್ಪಂಗೆ ಬೈದಿದ್ದೀನಿ ತಾಯಿ. ಅವನು ಮಾಡಿದ್ದು ತಪ್ಪು. ಆದ್ರೆ ಮೆಂಬರ್ ಮನೆಯಿಂದಾನೇ ಕಳ್ಳಸಾಗಣೆ ಅಂದ್ರೆ ನಾನೇನು ಹೇಳ್ಲಿ?"

"ಏರಿ ಕಟ್ಟಿ ಆಯ್ತಲ್ಲ ಅಣ್ಣ. ಸುಂಕ ಯಾವಾಗ ತೆಗೀತೀರಿ?"

"ತುರ್ತು ಮುಗಿದ್ಮೇಲೆ."

"ಅದು ಯಾವಾಗ ಮುಗಿಯುತ್ತೆ?"

"ಮುಗಿದಾಗ ನಾನೇ ಹೇಳ್ತೀನಲ್ಲ ತಂಗಿ" ಅಂದ. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಅಷ್ಟು ಹೊತ್ತೂ ಅವನು ನಗುಮುಖದಲ್ಲೇ ಇದ್ದ.

ಅಲ್ಲಿಂದ ನೇರ ನರಸಿಂಹಯ್ಯನ ಸೈಕಲ್ ಶಾಪಿಗೆ ನಡೆದಳು. ನರಸಿಂಹಯ್ಯನೂ ಮೆಂಬರ್. ಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುತ್ತಿದ್ದವನು ಅವನೊಬ್ಬನೇ. ಗ್ರೀಸು ಮೆತ್ತಿದ ಕೈ ಒರೆಸಿಕೊಂಡು ಉಪನಿಯಮದ ಪ್ರತಿ ತೆಗೆದು, ಆವತ್ತು ಇಂಗ್ಲಿಷಿನಲ್ಲಿ ಓದಿದ್ದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದ. ತುರ್ತು ಅನ್ನೋದು ಯಾವಾಗ ಬಂತು, ಯಾವಾಗ ಹೋಯ್ತು ಅಂತ ತೀರ್ಮಾನಿಸುವುದು ಅಧ್ಯಕ್ಷ. ಆ ಸುಂಕ ಬೇಡ ಅಂತ ಸಭೆಗೆ ಅನ್ನಿಸಿದರೆ ಬಹುಮತದಿಂದ ನಿರ್ಣಯ ಮಾಡಬಹುದು. ಆದರೆ ಆ ನಿರ್ಣಯವನ್ನು ಅಧ್ಯಕ್ಷ ವಾಪಸ್ ಕಳಿಸಬಹುದು. ಆಮೇಲೂ ಅದು ನಿಲ್ಲಬೇಕಾದರೆ ಮೂರರಲ್ಲಿ ಎರಡು ಪಾಲು ಕೈ ಬೇಕು.

"ಇದಕ್ಕೆ ಯಾರು ಒಪ್ಪಿದ್ದು?" ಅಂದಳು ಅಂಜನಮ್ಮ.

"ನೀವು ಒಪ್ಪಿದ್ರಿ. ನಾನೂ ಒಪ್ಪಿದೆ."

ಇಬ್ಬರೂ ಸೇರಿ ನಿರ್ಣಯ ಬರೆದರು. ಅಧ್ಯಕ್ಷರು ಹಾಕುವ ತುರ್ತು ಸುಂಕ ಒಂದು ತಿಂಗಳಿಗಿಂತ ಮುಂದೆ ನಡೆಯಬೇಕಾದರೆ ಸಭೆಯನ್ನು ಕೇಳಲೇಬೇಕು ಅನ್ನೋದು ಅದರ ಸಾರ. ಗೇಟಿನಲ್ಲಿ ಹೆಂಗಸರ ಮೈ ಮುಟ್ಟಕೂಡದು ಅಂತ ಇನ್ನೊಂದು ಸಾಲು ಸೇರಿಸಬೇಕು ಅಂದಳು ಅಂಜನಮ್ಮ. ನರಸಿಂಹಯ್ಯ ತಲೆ ಅಲ್ಲಾಡಿಸಿದ.

"ಅದನ್ನ ಹಾಕಿದ್ರೆ ನಿಮ್ಮನೆ ಕಳ್ಳಸಾಗಣೆ ಮಾತೇ ಮೇಲೆ ಬರುತ್ತಮ್ಮ. ಸುಂಕದ ವಿಷ್ಯ ಅಲ್ಲೇ ಸತ್ತೋಗುತ್ತೆ. ಮೊದ್ಲು ಇದು ಆಗ್ಲಿ."

ಅವನು ಹೇಳಿದ್ದು ಸರಿಯಾಗೇ ಕಾಣಿಸಿತು. ಅವಳು ಒಪ್ಪಿದಳು. ಸಂಜೆ ಲಕ್ಕಮ್ಮ ರೊಟ್ಟಿ ತಟ್ಟುತ್ತಾ, ತಲೆ ಎತ್ತದೆ ಕೇಳಿದಳು. "ಅತ್ತಿಗೆ, ನನ್ನ ವಿಷ್ಯ ಬರೆದಿದ್ದೀರಾ ಅದರಲ್ಲಿ?"

"ಮುಂದಿನ ಸಲ ಬರೀತೀವಿ ಲಕ್ಕಮ್ಮ."

ಲಕ್ಕಮ್ಮ ಇನ್ನೊಂದು ಉಂಡೆ ತೆಗೆದುಕೊಂಡು ತಟ್ಟಿದಳು.

ಆ ತಿಂಗಳು ಅಂಜನಮ್ಮ ಮೆಂಬರುಗಳ ಮನೆಮನೆ ತಿರುಗಿದಳು. ಒಬ್ಬನ ಭಾಮೈದ ಪುರಸಭೆಯ ಕಂಟ್ರಾಕ್ಟರು, ಇನ್ನೊಬ್ಬನ ಅಂಗಡಿಗೆ ಲೈಸೆನ್ಸ್ ಬರಬೇಕಿತ್ತು. ಬಸ್ ಸ್ಟ್ಯಾಂಡ್ ವಾರ್ಡಿನ ತರಕಾರಿ ವ್ಯಾಪಾರಿ ಚಿಕ್ಕವೆಂಕಟಪ್ಪ ಜಗಲಿಯ ಮೇಲೆ ಕೂತು, "ಹನುಮಂತರಾಯಪ್ಪೋರು ಇಲ್ದಿದ್ರೆ ಈ ಊರೇ ಇರ್ತಿರಲಿಲ್ಲ ಕಣಮ್ಮ" ಅಂದ.

"ಅದಕ್ಕೆ ಋಣ ಇದೆ ಕಣಣ್ಣ. ಅದು ಎಷ್ಟು ದಿನದ ಋಣ ಅಂತ ನಾವೂ ಒಂದು ಮಾತು ಕೇಳ್ಬೇಕಲ್ವಾ? ನಾಳೆ ನಿಮ್ಮ ಸೊಪ್ಪು ತರಕಾರಿ ಮೇಲೂ ತುರ್ತು ಬರುತ್ತೆ."

ಚಿಕ್ಕವೆಂಕಟಪ್ಪ ಬಹಳ ಹೊತ್ತು ಅಡಿಕೆ ಅಗಿದ. ಕೊನೆಗೆ, "ಬರ್ತೀನಿ ಹೋಗು" ಅಂದ.

ಸಭೆಯ ದಿನ ಕನ್ನಡಕ ಹನುಮಂತರಾಯಪ್ಪನ ಮೂಗಿನ ಮೇಲೇ ಇತ್ತು. ಅಂಜನಮ್ಮ ಎದ್ದು ನಿಂತು ನಿರ್ಣಯ ಓದಿದಳು. ಎರಡು ಕಡೆ ತಡವರಿಸಿದಳು. ಹದಿನೈದು ಜನರಲ್ಲಿ ಒಂಬತ್ತು ಕೈ ಎದ್ದವು. ಸಾಯಂಕಾಲ ನೇಕಾರರ ಬೀದಿಯಲ್ಲಿ ಅವಳಿಗೆ ಹಾರ ಹಾಕಿದರು. ಮುದುಕಿಯೊಬ್ಬಳು ದೃಷ್ಟಿ ತೆಗೆದಳು. ಅಂಜನಮ್ಮನ ಬದುಕಿನಲ್ಲಿ ಮದುವೆ ಬಿಟ್ಟರೆ ಹಾರ ಬಿದ್ದದ್ದು ಅದೊಂದೇ ಸಲ.

ವಾರದೊಳಗೆ ನಿರ್ಣಯ ವಾಪಸ್ ಬಂತು. ಊರಿನ ಹಿತಕ್ಕೆ ವಿರುದ್ಧವಾಗಿದೆ, ಮರುಪರಿಶೀಲಿಸಿ ಅಂತ ಅಧ್ಯಕ್ಷರ ಷರಾ. ಈಗ ಹತ್ತು ಕೈ ಬೇಕು. ಒಂಬತ್ತು ಇದ್ದವು, ಇನ್ನೊಂದು ಸಾಕು. ಅಂಜನಮ್ಮ ಮತ್ತೆ ತಿರುಗಿದಳು. ಲೈಸೆನ್ಸಿಗೆ ಕಾಯುತ್ತಿದ್ದವನು, ಏನಾದರೂ ಆಗಲಿ ಅಂತ ಈ ಕಡೆ ಬಂದ. ಹತ್ತಾಯಿತು.

ಅದೇ ದಿನಗಳಲ್ಲಿ, ನೂಲಿಲ್ಲದೆ ನಿಂತಿದ್ದ ಪಾಪಯ್ಯನ ಮಗ್ಗ ಮತ್ತೆ ಸದ್ದು ಮಾಡತೊಡಗಿತ್ತು. "ನೂಲು ಎಲ್ಲಿಂದ?" ಅಂತ ಕೇಳಿದರೆ, "ಸಾಹುಕಾರ್ರು ಮುಂಗಡ ಕೊಟ್ಟವ್ರೆ" ಅಂದ. ತಿರುಗಾಟದಲ್ಲಿದ್ದ ಅವಳು ಅದನ್ನು ಅಲ್ಲಿಗೇ ಬಿಟ್ಟಳು. ಮಗ್ಗದ ಸದ್ದು ಕೇಳಿ ಸಮಾಧಾನವೂ ಆಗಿತ್ತು.

ಎರಡನೇ ಸಭೆಗೆ ನೇಕಾರರು ಬಂದು ಸಭಾಂಗಣದ ಹೊರಗೆ ಕಿಟಕಿಗಳ ಹತ್ತಿರ ನಿಂತಿದ್ದರು. ಅಂಜನಮ್ಮ ನಿರ್ಣಯ ಓದಿದಳು. ಈ ಸಲ ತಡವರಿಸಲಿಲ್ಲ. ಓದಿ ಕೂತ ಮೇಲೆ ಹನುಮಂತರಾಯಪ್ಪ ಎದ್ದ. ಧ್ವನಿ ಏರಿಸಲಿಲ್ಲ.

"ಅಂಜನಮ್ಮೋರು ನೇಕಾರರ ಕಷ್ಟ ಹೇಳಿದ್ರು. ನಾನೂ ಒಪ್ತೀನಿ. ಅವರ ಯಜಮಾನ್ರು ಪಾಪಯ್ಯ ನನ್ನ ಹತ್ರ ಬಂದು ಕಷ್ಟ ಹೇಳ್ಕೊಂಡ್ರು. ಅದಕ್ಕೇ ಒಂದು ತಿಂಗಳಿಂದ ಅವರ ನೂಲಿಗೆ ಗೇಟಲ್ಲಿ ಸುಂಕ ಬಿಟ್ಟಿದ್ದೀನಿ. ಅಧಿಕಾರ ನನ್ನ ಕೈಲಿರೋದಕ್ಕೇ ಅಲ್ವಾ ಹೀಗೆ ಒಬ್ಬರಿಗೆ ಅನುಕೂಲ ಮಾಡೋಕಾಗಿದ್ದು?"

ಕಿಟಕಿಯ ಹತ್ತಿರ ಯಾರೋ ಉಗುಳಿದ ಸದ್ದು ಕೇಳಿಸಿತು. ಅಂಜನಮ್ಮ ಎದ್ದು, "ನಂಗೆ ಗೊತ್ತಿರಲಿಲ್ಲ" ಅಂದಳು. ಅಂದ ಕೂಡಲೇ ಅವಳಿಗೇ ಅನ್ನಿಸಿತು, ಆ ಮಾತನ್ನು ಇಲ್ಲಿ ಒಬ್ಬರೂ ನಂಬಲ್ಲ ಅಂತ. ನರಸಿಂಹಯ್ಯ ಅವಳ ಕಡೆ ನೋಡಲಿಲ್ಲ. ಚಿಕ್ಕವೆಂಕಟಪ್ಪ, "ನಮ್ಮನ್ನ ಬೀದಿಗೆ ತಂದು ನಿಲ್ಸಿ ತಾವು ಒಳಗೊಳಗೇ ಮಾಡ್ಕೊಂಡ್ರಲ್ಲಪ್ಪ" ಅಂದ, ಯಾರಿಗೋ ಹೇಳುವವನ ಹಾಗೆ. ಕೈ ಎಣಿಸಿದಾಗ ಏಳಾಯಿತು. ನಿರ್ಣಯ ಬಿದ್ದುಹೋಯಿತು.

ಹಾರ ಹಾಕಿದ್ದ ಜನ ದಾರಿ ಬಿಟ್ಟುಕೊಟ್ಟರು. ಒಬ್ಬರೂ ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಮನೆಯಲ್ಲಿ ಪಾಪಯ್ಯ ಮಗ್ಗದಲ್ಲಿದ್ದ. ಅವಳು ಹೊಸಿಲಲ್ಲೇ ನಿಂತಳು.

"ಅವರ ಹತ್ರ ಹೋಗಿದ್ರಾ?"

ಲಾಳಿ ನಿಂತಿತು. "ಅವರೇ ಕರೆಸಿದ್ರು ಕಣೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಬೇಡ ಅಂತಿದ್ದೆ. ಬೇಡ ಅಂದ್ರೆ ಮನೇಲಿ ಏನು ಬೇಯಿಸ್ತಿದ್ದೆ? ಹಾರಾನಾ?"

ಅವನು ಕುಡಿದು ಹಾಳು ಮಾಡಿದವನಲ್ಲ, ಮನೆಗೇ ತಂದು ಹಾಕಿದ್ದ. ಹಾಗಂತ ಅವನನ್ನು ಕ್ಷಮಿಸೋಕೂ ಅವಳಿಂದಾಗಲಿಲ್ಲ. ಹನುಮಂತರಾಯಪ್ಪನ ಮೇಲಿನ ಸಿಟ್ಟಾದರೂ ಬರ್ತಾ ಬರ್ತಾ ಆರಿತು. ಗಂಡನ ಮೇಲಿನದು ಆರಲಿಲ್ಲ. ಉಪ್ಪು ಸಾಲದು, ಮಳೆ ಬಂತು, ಯಾರೋ ಕರೀತಾವ್ರೆ. ಅವರಿಬ್ಬರ ನಡುವೆ ಆಮೇಲೆ ನಡೆದದ್ದು ಇಂಥ ಮಾತೇ. ಗೇಟಿನ ರಿಯಾಯಿತಿಯೂ ಮುಂದಿನ ವಾರವೇ ನಿಂತುಹೋಗಿತ್ತು. ಕೆಲಸ ಆದ ಮೇಲೆ ಅದು ಯಾಕೆ ಬೇಕು ಅವರಿಗೆ?

ಲಕ್ಕಮ್ಮ ಆ ವರ್ಷವೇ ದೊಡ್ಡಬಳ್ಳಾಪುರಕ್ಕೆ ಹೋದಳು. ಯಾರದೋ ಪವರ್‌ಲೂಮ್ ಶೆಡ್ಡಿನಲ್ಲಿ ಕಂಡಿಕೆ ಸುತ್ತುವ ಕೆಲಸ, ಅಲ್ಲೇ ಒಂದು ಕೋಣೆ. ಹಬ್ಬಕ್ಕೆ ಕರೆದರೆ ಬರುತ್ತಿರಲಿಲ್ಲ. "ಬಸ್ಸು ಆ ಗೇಟಲ್ಲಿ ನಿಲ್ಲುತ್ತೆ ಅತ್ತಿಗೆ, ನೀವೇ ಬನ್ನಿ" ಅನ್ನುತ್ತಿದ್ದಳು.

ಮುಂದಿನ ಚುನಾವಣೆಯಲ್ಲಿ ಅಂಜನಮ್ಮನನ್ನು ನಿಲ್ಲು ಅಂತ ಕೇಳಿದವರಿಲ್ಲ. ನರಸಿಂಹಯ್ಯ ತುರ್ತು ಸುಂಕದ ಮಾತೆತ್ತಿಯೇ ಗೆದ್ದ. ನೇಕಾರರ ಬೀದಿ ಒಂದೂ ಬಿಡದೆ ಅವನಿಗೇ ಓಟು ಹಾಕಿತು, ಅಂಜನಮ್ಮನೂ ಹಾಕಿದಳು. ಹನುಮಂತರಾಯಪ್ಪನ ಕಡೆಯವರು ಸೋತರು. ನರಸಿಂಹಯ್ಯ ಅಧ್ಯಕ್ಷನಾದ. ಮೂರು ತಿಂಗಳು ಕಾದು, ಬೀದಿಯ ನಾಲ್ಕು ಹೆಂಗಸರನ್ನು ಕರೆದುಕೊಂಡು ಅವಳು ಪುರಸಭೆಗೆ ಹೋದಳು. ಕಟ್ಟಡ ಹೊಸದು, ಕುರ್ಚಿಗಳೂ ಹೊಸವು.

"ಏನು ತಾಯಿ?" ಅಂದ ನರಸಿಂಹಯ್ಯ. ಮೊದಲು ಅವನು ತಾಯಿ ಅನ್ನುತ್ತಿರಲಿಲ್ಲ.

"ಸುಂಕ ಇಳಿಸ್ತೀನಿ ಅಂದಿದ್ರಲ್ಲ."

"ಇಳಿಸ್ಬೇಕು, ಮಾತಿಲ್ಲ. ಆದ್ರೆ ಒಳಗೆ ಬಂದು ನೋಡಿದ್ಮೇಲೆ ಗೊತ್ತಾಯ್ತು. ಈ ಕಟ್ಟಡಕ್ಕೆ ತಂದಿರೋ ಸಾಲ, ನಲ್ಲಿ ಪೈಪಿಗೆ ಕೊಡ್ಬೇಕಾದ್ದು, ಎಲ್ಲಾ ಅದರ ಮೇಲೇ ನಿಂತೈತೆ. ಈಗ ಕಿತ್ತಾಕಿದ್ರೆ ನೌಕರರಿಗೆ ಸಂಬಳ ಇಲ್ಲ."

"ಸರಿ, ಇಳಿಸ್ಬೇಡಿ. ಸಭೇನ ಕೇಳಿ ಹಾಕಿ. ನಾವು ಬರೆದಿದ್ದು ಅಷ್ಟೇ ಅಲ್ವಾ?"

"ಕೇಳಿದ್ರೆ ಯಾರು ತಾನೆ ಒಪ್ತಾರಮ್ಮ?" ಅಂದ.

ಜೊತೆಗೆ ಬಂದಿದ್ದ ಹೆಂಗಸರು ಅವಳ ಮುಖ ನೋಡಿದರು. ಅಂಜನಮ್ಮ ಎದ್ದು ಬಂದಳು. ಎಪ್ಪತ್ತೈದರಲ್ಲಿ ದೇಶಕ್ಕೇ ತುರ್ತು ಪರಿಸ್ಥಿತಿ ಬಂದಾಗ, ರೇಡಿಯೋದಲ್ಲಿ ಕೇಳಿ ಬಂದು ಹೇಳಿದವರಿಗೆ ಅವಳು, "ನಮ್ಮೂರಲ್ಲಿ ಇದ್ದೇ ಇತ್ತಲ್ಲ" ಅಂದಳಂತೆ. ಆ ಮಾತು ಯಾರ ಕಿವಿಗೂ ಬೀಳಬಾರದು ಅಂತ ಪಾಪಯ್ಯ ಬಾಗಿಲು ಹಾಕಿದ.

ಎಪ್ಪತ್ತೇಳರ ಬೇಸಿಗೆಯಲ್ಲಿ ಹನುಮಂತರಾಯಪ್ಪ ಮತ್ತೆ ಬಾಗಿಲಿಗೆ ಬಂದ. ಕೋಲು ಹಿಡಿದಿದ್ದ, ಮೈ ಇಳಿದಿತ್ತು. ನರಸಿಂಹಯ್ಯ ಆಗ ಭತ್ತದ ಮೇಲೂ ತುರ್ತು ಸುಂಕ ಹಾಕಿದ್ದ, ಗಿರಣಿಗೆ ಬಿಸಿ ತಟ್ಟಿತ್ತು. ಹನುಮಂತರಾಯಪ್ಪ ಡಿ.ಸಿ.ಗೆ ಕೊಡೋ ಅರ್ಜಿಗೆ ಊರವರ ಸಹಿ ಹಾಕಿಸುತ್ತಿದ್ದ. ಅಂಜನಮ್ಮ ತೆಗೆದುಕೊಂಡು ಓದಿದಳು. ಅಧ್ಯಕ್ಷರು ಹಾಕುವ ತುರ್ತು ಸುಂಕ ಒಂದು ತಿಂಗಳಿಗಿಂತ ಮುಂದೆ ನಡೆಯಬೇಕಾದರೆ ಸಭೆಯನ್ನು ಕೇಳಲೇಬೇಕು.

"ಇದು ನಾವು ಬರೆದಿದ್ದು" ಅಂದಳು.

"ಹೌದು ತಂಗಿ. ಒಳ್ಳೆ ಮಾತು ಅದು. ಆಗಲೇ ಅನ್ನಿಸಿತ್ತು ನಂಗೆ."

"ಆಗಲೇ ಅನ್ನಿಸಿತ್ತಾ?"

ಅವನು ಮುಜುಗರ ಪಡಲಿಲ್ಲ. "ಕುರ್ಚಿ ಮೇಲೆ ಕೂತಾಗ ಬೇರೆ ಥರ ಕಾಣುತ್ತೆ" ಅಂದ.

ಅವಳಿಗೆ ಆ ಕಾಗದವನ್ನು ಹರಿದು ಅವನ ಮುಖಕ್ಕೆ ಎಸೆಯಬೇಕು ಅನ್ನಿಸಿತು. ಬೀದಿಯಲ್ಲಿ ಇನ್ನೂ ಒಂದಷ್ಟು ಮನೆಗಳಲ್ಲಿ ಮಗ್ಗ ನಡೆಯುತ್ತಿತ್ತು. ಸಹಿ ಹಾಕಿದಳು. ಪೆನ್ನು ವಾಪಸ್ ಕೊಡುವಾಗ ಅವನ ಕೈಗೆ ಕೊಡದೆ ಜಗಲಿಯ ಮೇಲಿಟ್ಟಳು. ಅವನು ಕಷ್ಟಪಟ್ಟು ಬಗ್ಗಿ ಎತ್ತಿಕೊಂಡು ಹೋದ. ಅರ್ಜಿಗೆ ಉತ್ತರ ಬರಲಿಲ್ಲ.

ಎಪ್ಪತ್ತೊಂಬತ್ತರಲ್ಲಿ ಸರ್ಕಾರ ಇಡೀ ರಾಜ್ಯದಲ್ಲೇ ಊರ ಬಾಗಿಲಿನ ಸುಂಕ ತೆಗೆದುಹಾಕಿತು. ಅದಕ್ಕೆ ಕನ್ನಸಂದ್ರ ಕಾರಣವಲ್ಲ. ಕನ್ನಸಂದ್ರ ಅಂತ ಒಂದು ಊರಿದೆ ಅನ್ನೋದು ಅದನ್ನು ತೆಗೆದವರಿಗೆ ಗೊತ್ತಿತ್ತೋ ಇಲ್ಲವೋ. ಅಷ್ಟು ಹೊತ್ತಿಗೆ ಪಾಪಯ್ಯ ಮಗ್ಗ ಮಾರಿ, ದಿನಾ ಬಸ್ಸಿನಲ್ಲಿ ದೊಡ್ಡಬಳ್ಳಾಪುರದ ಶೆಡ್ಡಿಗೆ ಕೂಲಿಗೆ ಹೋಗುತ್ತಿದ್ದ. ಬೀದಿಯಲ್ಲಿ ಮಗ್ಗದ ಗುಂಡಿಗಳನ್ನು ಮುಚ್ಚಿ, ಮೇಲೆ ಸಾರಿಸಿ, ಜನ ಮಲಗುತ್ತಿದ್ದರು.

ಸುದ್ದಿ ತಂದವಳು ಪಕ್ಕದ ಮನೆಯ ಭಾಗ್ಯಮ್ಮ. ಅಂಜನಮ್ಮ ನಲ್ಲಿಯ ಹತ್ತಿರ ಕೊಡ ತೊಳೆಯುತ್ತಿದ್ದಳು.

"ಮೆಂಬರಮ್ಮ, ಸುಂಕ ಹೋಯ್ತಂತೆ. ನೀವು ಕೇಳಿದ್ದು ಕೊನೆಗೂ ಆಯ್ತು ನೋಡಿ."

"ನಾನು ಕೇಳಿದ್ದು ಅದಲ್ಲ ಭಾಗ್ಯ."

"ಮತ್ತೆ?"

"ಸುಂಕ ಬೇಡ ಅಂದಿರಲಿಲ್ಲ ನಾನು. ನಮ್ಮನ್ನ ಒಂದು ಮಾತು ಕೇಳಿ ಹಾಕಿ ಅಂದಿದ್ದೆ. ಹಾಕುವಾಗ್ಲೂ ಕೇಳ್ಲಿಲ್ಲ, ಈಗ ತೆಗೆಯುವಾಗ್ಲೂ ಯಾರೂ ಕೇಳ್ಲಿಲ್ಲ."

ಭಾಗ್ಯಮ್ಮನಿಗೆ ಅದು ಅರ್ಥವಾಗಲಿಲ್ಲ. ಹೋದದ್ದು ಹೋಯಿತಲ್ಲ, ಇನ್ನೇನು ಅಂತ ಅವಳ ಲೆಕ್ಕ. ತನ್ನ ಕೊಡ ನಲ್ಲಿಗೆ ಹಿಡಿದು, ನೀರು ಇವತ್ತು ಸಣ್ಣಗೆ ಬರುತ್ತಿದೆ ಅಂದಳು. ಅಂಜನಮ್ಮ ಹೌದು ಅಂದಳು.